ಕೊಡಚಾದ್ರಿ ಜೀಪು: ಡ್ರೈವರ್‌ಗೆ ಪೂರ್ತಿ ಮಾರ್ಕು, ಟೈಮಿಗೆ ಸೊನ್ನೆ

ಕೊಲ್ಲೂರಿನಿಂದ ಶೇರ್ ಜೀಪಿನಲ್ಲಿ ಕೊಡಚಾದ್ರಿ ಬೆಟ್ಟಕ್ಕೆ ಹೋಗಿ ಬಂದೆವು. ಎಂಟು ಜನ ತುಂಬುವ ತನಕ ಜೀಪು ಹೊರಡಲಿಲ್ಲ, ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆವು. ನಾಗೋಡಿ ಘಾಟಿ ಹತ್ತಿ ಸಂಪೆಕಟ್ಟೆ ದಾಟುವ ತನಕ ಆರಾಮ. ಕಟ್ಟಿನಹೊಳೆ ಆದ ಮೇಲೆ ಇರುವುದನ್ನು ರಸ್ತೆ ಅಂತ ಕರೆಯುವುದು ಮರ್ಯಾದೆಗಷ್ಟೇ, ಮಳೆನೀರು ಕೊರೆದ ಕೊರಕಲಲ್ಲಿ ಜೀಪು ಒಂದು ಚಕ್ರ ಮೇಲೆ ಒಂದು ಚಕ್ರ ಕೆಳಗೆ ಮಾಡಿಕೊಂಡು ಏರುತ್ತದೆ, ನಮ್ಮ ಡ್ರೈವರ್ ಬಾಯಲ್ಲಿ ಎಲೆ-ಅಡಿಕೆ ಕವಳ ಇಟ್ಟುಕೊಂಡು ಒಂದು ಮಾತೂ ಆಡದೆ ಓಡಿಸಿದರು. ಅವರ ಕೈಗೆ ನಮಸ್ಕಾರ.

ಕೆಂಪು ದೂಳು ಮಾತ್ರ ಕಿವಿಯೊಳಗೂ ಹೋಗುತ್ತದೆ. ಬೆಟ್ಟದ ತುಂಬ ಕಬ್ಬಿಣದ ಅದಿರು ಇದೆಯಲ್ವಾ, ಅದರದೇ ಬಣ್ಣ. ಜೀಪು ನಿಲ್ಲುವುದು ಮೂಲ ಮೂಕಾಂಬಿಕೆ ಗುಡಿಯ ಹತ್ತಿರ. ಅಲ್ಲಿ ನೆಟ್ಟಿರುವ ಹಳೆಯ ಕಬ್ಬಿಣದ ಕಂಬ ನೋಡದೆ ಮುಂದೆ ಹೋಗಬೇಡಿ. ನಮ್ಮ ಜೀಪಿನವರು ಅದರ ಪಕ್ಕದಲ್ಲೇ ಸೆಲ್ಫಿ ತೆಗೆದುಕೊಂಡರು, ಕಂಬ ಬಿಟ್ಟು.

ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆಯಲೇಬೇಕು. ನನಗೆ ಇಷ್ಟವಾಗಿದ್ದು ಇದೇ ದಾರಿ. ಅಷ್ಟು ಹೊತ್ತು ಆಕಾಶವೇ ಕಾಣದಂತಿದ್ದ ಕಾಡು ತಟ್ಟನೆ ಮುಗಿದು ಬರೀ ಹುಲ್ಲು. ಮರಗಳೆಲ್ಲ ಗಾಳಿಗೆ ಹೆದರಿದ ಹಾಗೆ ನೀರಿರುವ ಕಣಿವೆ ಸಂದಿಗಳಲ್ಲಿ ಗುಂಪಾಗಿ ಅಡಗಿವೆ, ಶೋಲಾ ಅಂತಾರಲ್ಲ, ಅದು. ಪೂರ್ವಕ್ಕೆ ಮಲೆನಾಡಿನ ಗುಡ್ಡಗಳು ನಿಧಾನಕ್ಕೆ ಇಳಿಯುತ್ತವೆ. ಪಶ್ಚಿಮಕ್ಕೆ ಹಾಗಿಲ್ಲ, ನೆಲ ಒಮ್ಮೆಲೇ ಕಡಿದು ಬೀಳುತ್ತದೆ. 1343 ಮೀಟರ್ ಎತ್ತರ ಅಂತ ಓದಿದಾಗ ಏನೂ ಅನಿಸಿರಲಿಲ್ಲ, ಆ ಅಂಚಿನಲ್ಲಿ ನಿಂತಾಗ ಕಾಲು ಜುಮ್ ಅಂದಿತು. ಶಂಕರಾಚಾರ್ಯರು ತಪಸ್ಸು ಮಾಡಿದ್ದು ಇಲ್ಲೇ ಅಂತ ನಂಬಿಕೆ. ಪೀಠ ಅಂದರೆ ಒಂದು ಪುಟ್ಟ ಕಲ್ಲಿನ ಮಂಟಪ, ಅಷ್ಟೇ. ನಾವು ತಲುಪುವಷ್ಟರಲ್ಲಿ ಮಂಜು ಬಂದು ಅದೂ ಕಾಣದಾಯಿತು.

ಕಾಯೋಣ ಅಂದರೆ ಟೈಮಿಲ್ಲ! ಕೊಟ್ಟಿದ್ದೇ ಒಂದೂವರೆ ಗಂಟೆ. ಚಿತ್ರಮೂಲ ಗುಹೆಗೆ ಇಳಿಯುವ ಆಸೆ ಬಿಟ್ಟು ವಾಪಸ್ ಓಡಿ ಬಂದರೂ "ಲೇಟಾಯ್ತಲ್ಲ ಮಾರಾಯ್ರೆ, ಇನ್ನೊಂದು ಟ್ರಿಪ್ ಇದೆ" ಅಂತ ಡ್ರೈವರ್ ಹತ್ತಿರ ಬೈಸಿಕೊಂಡಿದ್ದಾಯಿತು. ಕವಳ ಉಗಿದ ಮೇಲೆ ಅವರಾಡಿದ ಮೊದಲ ಮಾತು ಅದೇ.

ಹೋಗುವವರು ನಾಲ್ಕೈದು ಜನ ಸೇರಿ ಪೂರ್ತಿ ಜೀಪು ಮಾಡಿಕೊಳ್ಳಿ, ಮೇಲೆ ಎಷ್ಟು ಹೊತ್ತು ಅಂತ ಹತ್ತುವ ಮೊದಲೇ ಮಾತಾಡಿ. ಮಳೆಗಾಲದಲ್ಲಾದರೆ ಇಂಬಳ (ಜಿಗಣೆ) ಜಾಸ್ತಿ. ಬಿಳಿ ಅಂಗಿ ಯಾವ ಕಾಲಕ್ಕೂ ಬೇಡ.