ಸೇದುವವರ ಮನೆಯಲ್ಲಿ ನಿಕೋಟಿನ್ ಗಮ್

ಸಿಗರೇಟು ಬಿಡಲೆಂದು ಅಗಿಯುವ ನಿಕೋಟಿನ್ ಗಮ್ಮಿನ ಪೊಟ್ಟಣದಲ್ಲಿ ಮಡಚಿಟ್ಟ ಮಾಹಿತಿ ಪತ್ರದಲ್ಲಿ ಪ್ರಮಾಣ, ಅವಧಿ, ಅಡ್ಡಪರಿಣಾಮಗಳ ವಿವರವೆಲ್ಲ ಇತ್ತು. ಪಕ್ಕದಲ್ಲೇ ಕುಳಿತ ಮನೆಯವರು ಸಿಗರೇಟು ಹಚ್ಚಿದಾಗ ಏನು ಮಾಡಬೇಕೆಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನೂ ಅಣ್ಣನೂ ಸೇದುತ್ತಾರೆ, ಸದ್ಯಕ್ಕೆ ಬಿಡುವ ಮನಸ್ಸು ಇಬ್ಬರಿಗೂ ಇಲ್ಲ. ಅಂಥ ಮನೆಯಲ್ಲಿದ್ದುಕೊಂಡೇ ಚಟ ಬಿಡಲು ಹೊರಟವರಿಗೆ ಈ ಗಮ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಇದರ ಶಕ್ತಿ ಮತ್ತು ಮಿತಿ ಎರಡೂ ವೇಗಕ್ಕೆ ಸಂಬಂಧಿಸಿದವು. ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಗಮ್ಮಿನ ನಿಕೋಟಿನ್ ಬಾಯಿಯ ಒಳಪದರದ ಮೂಲಕ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ, ಅದರ ಪೂರ್ಣ ಪರಿಣಾಮಕ್ಕೆ ಸುಮಾರು ಅರ್ಧ ಗಂಟೆ ಬೇಕು. ಯಾರೂ ಸೇದದ ಮನೆಯಲ್ಲಿ ಈ ವಿಳಂಬ ದೊಡ್ಡ ತೊಂದರೆಯೇನಲ್ಲ. ಆದರೆ ಎದುರಿಗೆ ಕಡ್ಡಿ ಗೀರಿದ ಸದ್ದು ಕೇಳಿ, ಮೊದಲ ಹೊಗೆಯ ವಾಸನೆ ಮೂಗಿಗೆ ಬಡಿದ ಮೇಲೆ ಗಮ್ ಬಾಯಿಗೆ ಹಾಕಿದರೆ, ಅದು ಕೆಲಸ ಶುರುಮಾಡುವ ಹೊತ್ತಿಗೆ ಅವರು ಸೇದಿ ಮುಗಿಸಿರುತ್ತಾರೆ, ನಮ್ಮ ಸಂಯಮವೂ ಮುಗಿದಿರುತ್ತದೆ. ಆದ್ದರಿಂದ ನಮ್ಮ ಆಸೆಯ ಹೊತ್ತಿಗಿಂತ ಅವರು ಸೇದುವ ಹೊತ್ತನ್ನು ಗುರುತಿಟ್ಟುಕೊಂಡು, ಅದಕ್ಕೆ ಮುಂಚೆಯೇ ಗಮ್ ಹಾಕಿಕೊಳ್ಳಬೇಕು.

ಇಲ್ಲೊಂದು ತೊಡಕಿದೆ. ಮನೆಮಂದಿ ಸಾಮಾನ್ಯವಾಗಿ ಸೇದುವುದೇ ಊಟವಾದ ಮೇಲೆ ಅಥವಾ ಕಾಫಿಯ ಜೊತೆಗೆ. ಕಾಫಿ, ಹಣ್ಣಿನ ರಸ, ಸೋಡಾಗಳಲ್ಲಿರುವ ಆಮ್ಲೀಯ ಗುಣ ನಿಕೋಟಿನ್ ಹೀರಿಕೆಯನ್ನು ತಡೆಯುವುದರಿಂದ, ಅವನ್ನು ಕುಡಿದ 15 ನಿಮಿಷಗಳೊಳಗೆ ಗಮ್ ಹಾಕಿಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ. ಕಾಫಿಗೆ ಅರ್ಧ ಗಂಟೆ ಮುಂಚೆ ಒಂದು ಗಮ್ ಮುಗಿಸಿಬಿಡುವುದು ನನಗೆ ಸರಿಹೊಂದಿತು. ಊಟದ ನಂತರದ ಹೊತ್ತನ್ನು ಮಾತ್ರ ಗಮ್ಮಿನಿಂದ ಗೆಲ್ಲುವುದು ಕಷ್ಟ. ಆಗ ಅಲ್ಲಿಂದ ಎದ್ದು ಹೋಗುವುದೇ ಮೇಲು, ಏಕೆಂದರೆ ಒಂದೊಂದು ತುಡಿತವೂ ಕೆಲವೇ ನಿಮಿಷಗಳಲ್ಲಿ ತಾನಾಗಿ ತಗ್ಗುತ್ತದೆ.

ಅಗಿಯುವ ರೀತಿಗೂ ಮಹತ್ವವಿದೆ. ನಿಧಾನವಾಗಿ ಅಗಿದು, ಕರಿಮೆಣಸಿನಂಥ ಖಾರ ನಾಲಿಗೆಗೆ ಹತ್ತಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಹೀಗೆ ಒಂದು ಗಮ್ ಸುಮಾರು 30 ನಿಮಿಷ ಬರುತ್ತದೆ. ಮಾಮೂಲಿ ಚೂಯಿಂಗ್ ಗಮ್ಮಿನಂತೆ ಬಿಡದೆ ಅಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತವೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುತ್ತಿದ್ದವರಿಗೆ 4 ಮಿಲಿಗ್ರಾಂ ನಿಕೋಟಿನ್ ಇರುವ ಗಮ್, ಉಳಿದವರಿಗೆ 2 ಮಿಲಿಗ್ರಾಂನದು. ಮೊದಲ 6 ವಾರ ಒಂದೆರಡು ಗಂಟೆಗೊಂದರಂತೆ ಆರಂಭಿಸಿ, 12 ವಾರಗಳಲ್ಲಿ ಇಳಿಸುತ್ತ ಬರಬೇಕು. ದಿನಕ್ಕೆ 24 ಗಮ್‌ಗಳನ್ನು ಮೀರಬಾರದು.

“ಅದರಲ್ಲೂ ನಿಕೋಟಿನ್ನೇ ಇರೋದಲ್ವೇನೋ?” ಎಂದು ಅಪ್ಪ ಕೇಳಿದರು. ಸೇದುವ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಸರಿಯಾದ ಉತ್ತರ ಗೊತ್ತಿರಬೇಕು. ನಿಕೋಟಿನ್ ಚಟ ಹಿಡಿಸುತ್ತದೆ, ನಿಜ. ಆದರೆ ತಂಬಾಕಿನ ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳ ಪೈಕಿ ಕನಿಷ್ಠ 70 ಕ್ಯಾನ್ಸರ್‌ಕಾರಕಗಳು; ಅವು ಗಮ್ಮಿನ ಮೂಲಕ ಶ್ವಾಸಕೋಶಕ್ಕೆ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಈ ಗಮ್ಮೂ ಇದೆ. ಗಮ್ಮಿನಂತೆ ನಿಕೋಟಿನ್ ಕೊಡುವ ಔಷಧಗಳ ಬಗ್ಗೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ, ವೈದ್ಯಕೀಯ ಸಂಶೋಧನೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 2018ರಲ್ಲಿ ನಡೆಸಿದ ಪರಿಶೀಲನೆಯ ಪ್ರಕಾರ, ಇವು ಬಿಡುವ ಸಾಧ್ಯತೆಯನ್ನು ಶೇಕಡಾ 50ರಿಂದ 60ರಷ್ಟು ಹೆಚ್ಚಿಸುತ್ತವೆ.

ಆದರೆ ಮೇಜಿನ ಮೇಲೆ ಬಿದ್ದಿರುವ ಪ್ಯಾಕೆಟ್ಟಿಗೆ ಗಮ್ಮಿನಲ್ಲಿ ಮದ್ದಿಲ್ಲ. “ಅಣ್ಣಾ, ನೀನೂ ಬಿಡು ಅಂತ ನಾನು ಹೇಳ್ತಿಲ್ಲ, ಪ್ಯಾಕೆಟ್ಟು ಮಾತ್ರ ನಿನ್ನ ಜೇಬಲ್ಲೇ ಇರ್ಲಿ, ನಾನು ಕೇಳಿದ್ರೂ ಕೊಡ್ಬೇಡ” ಎಂದು ಕೇಳಿಕೊಂಡದ್ದು ಗಮ್ಮಿನಷ್ಟೇ ಉಪಕಾರ ಮಾಡಿತು. ಸೇದುವುದು ಮನೆಯ ಹೊರಗೇ ಆಗಲಿ ಎಂಬ ಒಪ್ಪಂದವೂ ಬೇಕೇ ಬೇಕು. ಕಿಟಕಿ ತೆರೆದ ಮಾತ್ರಕ್ಕೆ ಹೊಗೆ ಪೂರ್ತಿ ಹೋಗುವುದಿಲ್ಲ. ಈ ಮಾತುಗಳನ್ನು ಬಿಡುವ ದಿನಕ್ಕೆ ಮುಂಚೆಯೇ ಆಡುವುದು ಒಳ್ಳೆಯದು, ಏಕೆಂದರೆ ಮೊದಲ ವಾರದ ಸಿಡುಕಿನಲ್ಲಿ ವಿನಂತಿಯೂ ಜಗಳವಾಗಿಬಿಡುತ್ತದೆ.

ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯೊಂದನ್ನೇ ನೆಚ್ಚಿಕೊಂಡರೆ, ದಿನವಿಡೀ ಒಂದೇ ಮಟ್ಟದ ಆಸರೆ ಸಿಗುತ್ತದೆಯೇ ಹೊರತು ಹಠಾತ್ ತುಡಿತಕ್ಕೆ ಕೈಗೆಟುಕುವ ಉಪಾಯವಿರುವುದಿಲ್ಲ. ಪಟ್ಟಿ ಮತ್ತು ಗಮ್ ಎರಡನ್ನೂ ಸೇರಿಸಿ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಪರಿಣಾಮಕಾರಿ ಎಂದು ಸಾಬೀತಾಗಿದೆ. ಸೇದುವವರ ನಡುವೆ ಇರುವವರಿಗೆ ನನ್ನ ಶಿಫಾರಸು ಇದೇ, ಆದರೆ ವೈದ್ಯರನ್ನು ಕೇಳಿ. ಗರ್ಭಿಣಿಯರು ಮತ್ತು ಹೃದ್ರೋಗವಿರುವವರು ಗಮ್ ಒಂದನ್ನೇ ಬಳಸುವುದಿದ್ದರೂ ಕೇಳಲೇಬೇಕು. ಕಟ್ಟಿಸಿದ ಹಲ್ಲುಗಳಿಗೆ ಗಮ್ ಅಂಟಿಕೊಳ್ಳುವುದರಿಂದ, ಅಂಥವರಿಗೆ ಚೀಪುವ ನಿಕೋಟಿನ್ ಮಾತ್ರೆ ಅನುಕೂಲ.