ಐಡಲ್‌ನ ನಡುಕ, ಸ್ಟಾರ್ಟಿನ ಹೊಗೆ: ನಾಲ್ಕು ಪರೀಕ್ಷೆಗಳ ಹೋಲಿಕೆ

ಇಪ್ಪತ್ತು ವರ್ಷ ದಾಟಿದ ನನ್ನ ಸ್ಪೋರ್ಟ್ಸ್ ಕಾರಿನದು ಬಾಕ್ಸರ್ ಎಂಜಿನ್. ಆರು ಸಿಲಿಂಡರ್‌ಗಳು ಮೂರು ಮೂರಾಗಿ ಎರಡು ಕಡೆ ಅಡ್ಡ ಮಲಗಿವೆ. ನಾಲ್ಕು ದಿನ ನಿಲ್ಲಿಸಿಟ್ಟರೆ ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ತುಸು ಆಯಿಲ್ ಸಿಲಿಂಡರ್ ಒಳಗೆ ಜಿನುಗುವುದು, ಸ್ಟಾರ್ಟ್ ಮಾಡಿದೊಡನೆ ಒಂದು ಗುಕ್ಕು ನೀಲಿ ಹೊಗೆ ಬರುವುದು ಈ ಜಾತಿಯ ಹುಟ್ಟುಗುಣ. ಅದನ್ನೇ ನೆಪ ಮಾಡಿಕೊಂಡು ಬಹಳ ದಿನ ಸುಮ್ಮನಿದ್ದೆ. ಆ ಗುಕ್ಕು ಎರಡು ನಿಮಿಷದ ಮೋಡವಾಗಿ, ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಸೂಜಿ 600 ಮತ್ತು 900 ಆರ್‌ಪಿಎಂ ನಡುವೆ ತೂಗಾಡತೊಡಗಿದ ಮೇಲಷ್ಟೇ ಪರೀಕ್ಷೆಗೆ ಇಳಿದೆ.

ಮೊದಲು ಸ್ಕ್ಯಾನರ್, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಉಪಕರಣ. ಅದು ಕೊಟ್ಟ ಕೋಡ್ ಪಿ0300, ಅಂದರೆ ಯಾವುದೋ ಸಿಲಿಂಡರ್‌ಗಳಲ್ಲಿ ಅಡ್ಡಾದಿಡ್ಡಿ ಮಿಸ್‌ಫೈರ್, ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು. ಇದನ್ನು ನೋಡಿ ಕಿಡಿ ಹಾರಿಸುವ ಕಾಯಿಲ್, ಪ್ಲಗ್ ಬದಲಿಸಿ ಹಣ ಕಳೆದುಕೊಂಡವರು ಎಷ್ಟಿಲ್ಲ! ನಾನೂ ಪ್ಲಗ್ ಬದಲಿಸಿದೆ. ಕೋಡಿಗಿಂತ ಬೆಲೆಬಾಳುವುದು ಫ್ಯೂಯಲ್ ಟ್ರಿಮ್, ಅಂದರೆ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಪ್ರಮಾಣ. ಐಡಲ್‌ನಲ್ಲಿ ಅದು ಶೇ 18ರಷ್ಟು ಏರಿತ್ತು, 2,500 ಆರ್‌ಪಿಎಂನಲ್ಲಿ ಸಹಜಕ್ಕೆ ಇಳಿಯುತ್ತಿತ್ತು. ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ ಎಂಬುದರ ಗುರುತು ಇದು. ಎಲ್ಲಿಂದ ಎನ್ನುವುದನ್ನು ಮಾತ್ರ ಸ್ಕ್ಯಾನರ್ ಹೇಳುವುದಿಲ್ಲ.

ಅದಕ್ಕೇ ಸ್ಮೋಕ್ ಮಷೀನ್ ಎರವಲು ತಂದೆ. ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್‌ಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವ ಉಪಕರಣ. ಬಳಸಲು ಸುಲಭ, ನೋಡಲು ಮಜಾ. ಕೊಳವೆ ಜೋಡಿಸುವ ಒಂದು ರಬ್ಬರ್ ಬೂಟ್‌ನ ಕ್ಲಾಂಪ್ ಸಡಿಲವಾಗಿದ್ದದ್ದು ಸಿಕ್ಕಿತು. ಬಿಗಿ ಮಾಡಿ ಗೆದ್ದೆನೆಂದು ಬೀಗಿದೆ. ನಡುಕ ಕೊಂಚ ತಗ್ಗಿತು, ಹೊಗೆ ಕದಲಲಿಲ್ಲ. ಎಂಜಿನ್ನಿನ ಒಳಗೊಳಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಆಗುವ ಸೋರಿಕೆ ಹೊರಗೆ ಹೊಗೆಯಾಗಿ ಕಾಣಿಸುವುದಿಲ್ಲವೆಂದು ಆಗ ಹೊಳೆದಿರಲಿಲ್ಲ.

ಮೂರನೆಯದು ಲೀಕ್‌ಡೌನ್, ಎಲ್ಲಕ್ಕಿಂತ ಬೆವರಿಳಿಸಿದ್ದು. ಕಾರಿನಡಿ ಮಲಗಿ ಆರೂ ಪ್ಲಗ್ ಬಿಚ್ಚಿ, ಪ್ರತಿ ಪಿಸ್ಟನ್ನನ್ನೂ ತುತ್ತತುದಿಗೆ ತಂದು, ಒತ್ತಡದ ಗಾಳಿ ಬಿಟ್ಟು ಎಷ್ಟು ನಷ್ಟವಾಗುತ್ತದೆಂದು ಓದಬೇಕು. ಆರರಲ್ಲೂ ನಷ್ಟ ಶೇ 6ರಿಂದ 9. ಶೇ 10ರ ಒಳಗಿದ್ದರೆ ಎಂಜಿನ್ ಗಟ್ಟಿ ಎಂದೇ ಲೆಕ್ಕ. ರೋಗ ಸಿಗಲಿಲ್ಲ, ಆದರೆ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು ಎಂದು ರಾತ್ರಿ ಕಾಡುತ್ತಿದ್ದ ಭಯ ಹೋಯಿತು. ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಸಾಲದೇ ಎಂದು ಕೇಳುವವರಿದ್ದಾರೆ. ಕಂಪ್ರೆಷನ್ ಕಡಿಮೆ ಎಂದಷ್ಟೇ ಅದು ಹೇಳುತ್ತದೆ. ಲೀಕ್‌ಡೌನ್‌ನಲ್ಲಿ ಆಯಿಲ್ ಮುಚ್ಚಳಕ್ಕೆ, ಎಕ್ಸಾಸ್ಟ್‌ಗೆ, ಥ್ರಾಟಲ್‌ಗೆ ಕಿವಿಗೊಟ್ಟರೆ ಗಾಳಿ ಎಲ್ಲಿಂದ ಹೋಗುತ್ತಿದೆ ಎಂಬುದೂ ಕೇಳಿಸುತ್ತದೆ.

ಕೊನೆಗೆ ಉತ್ತರ ಕೊಟ್ಟದ್ದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಮತ್ತು ಒಂದಿಷ್ಟು ನೀರು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಎತ್ತಲು ಹೋದರೆ ಯಾರೋ ಒಳಗಿನಿಂದ ಹಿಡಿದೆಳೆದಂತಿತ್ತು. ಮುಚ್ಚಳದ ಜಾಗಕ್ಕೆ ತೂತಿನ ಬಿರಡೆ ಇಟ್ಟು, 'ಯು' ಆಕಾರಕ್ಕೆ ಬಗ್ಗಿಸಿ ನೀರು ತುಂಬಿದ ನಳಿಕೆಯನ್ನು ಸಿಕ್ಕಿಸಿದೆ. ನನ್ನ ಎಂಜಿನ್ನಿನಂಥದಕ್ಕೆ ಕ್ರ್ಯಾಂಕ್‌ಕೇಸ್‌ನ (ಪಿಸ್ಟನ್‌ಗಳ ಹಿಂಬದಿಯ ಆಯಿಲ್ ಕೋಣೆಯ) ಎಳೆತ ನೀರಿನ ಮಟ್ಟದಲ್ಲಿ 10ರಿಂದ 15 ಸೆಂಟಿಮೀಟರ್ ವ್ಯತ್ಯಾಸ ಮಾಡಿದರೆ ಸರಿ. ನನ್ನ ನಳಿಕೆಯಲ್ಲಿ ನೀರು 30 ದಾಟಿ ಮೇಲೇರುತ್ತಲೇ ಹೋಯಿತು; ಎಂಜಿನ್ನಿನೊಳಗೆ ಹೋಗುವ ಮೊದಲೇ ಕೈ ಕೀಲಿಗೆ ಹೋಯಿತು. ನಳಿಕೆಯನ್ನು ಸಾಕಷ್ಟು ಉದ್ದ ಉಳಿಯುವಂತೆ ಕತ್ತರಿಸಿ.

ಕ್ರ್ಯಾಂಕ್‌ಕೇಸ್‌ನ ಗಾಳಿಯಿಂದ ಆಯಿಲ್ ಬೇರ್ಪಡಿಸಿ ಗಾಳಿಯನ್ನು ಇಂಟೇಕ್‌ಗೆ ಕಳಿಸುವ ಏರ್-ಆಯಿಲ್ ಸೆಪರೇಟರ್‌ನ ಡಯಾಫ್ರಾಂ, ಅಂದರೆ ಎಳೆತವನ್ನು ಹಿಡಿತದಲ್ಲಿಡುವ ಪೊರೆ, ಹರಿದಿತ್ತು. ಇಂಟೇಕ್‌ನ ಪೂರ್ಣ ಎಳೆತ ಕ್ರ್ಯಾಂಕ್‌ಕೇಸ್‌ಗೆ ತಾಗಿ, ಆಯಿಲ್ ಹನಿಗಳೂ ಲೆಕ್ಕಕ್ಕೆ ಸಿಗದ ಗಾಳಿಯೂ ಒಟ್ಟಿಗೇ ಸಿಲಿಂಡರ್ ಸೇರುತ್ತಿದ್ದವು. ನಡುಕಕ್ಕೂ ಹೊಗೆಗೂ ಬೇರು ಒಂದೇ. ಇದನ್ನು ಹಾಗೇ ಬಿಟ್ಟು ಒಳಗೆ ಆಯಿಲ್ ತುಂಬಿಕೊಂಡರೆ ಹೈಡ್ರೋಲಾಕ್ ಆಗಿ, ಅಂದರೆ ಕುಗ್ಗದ ದ್ರವಕ್ಕೆ ಪಿಸ್ಟನ್ ತಡೆದು ನಿಂತು, ಅದನ್ನು ನೂಕುವ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಹೊಸ ಸೆಪರೇಟರ್ ಹಾಕಿದ ಮೇಲೂ ಎರಡು ದಿನ ಹೊಗೆ ಬಂತು. ಇಂಟೇಕ್‌ನಲ್ಲಿ ಉಳಿದಿದ್ದ ಆಯಿಲ್ ಸುಟ್ಟು ಮುಗಿಯಬೇಕಿತ್ತು. ಈಗ ನೀರು 12ರಲ್ಲಿ ನಿಲ್ಲುತ್ತದೆ. ವಾರ ನಿಲ್ಲಿಸಿದರೆ ಆ ಹಳೆಯ ಒಂದು ಗುಕ್ಕು ಇನ್ನೂ ಬರುತ್ತದೆ, ಕನ್ನಡಿಯಲ್ಲಿ ನೋಡಿಯೂ ನೋಡದಂತಿರುತ್ತೇನೆ.