12 ವರ್ಷ ಕೇಳಿದ ಸ್ಪೀಕರ್: ಪೆಟ್ಟು ಬಿದ್ದದ್ದು ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ

ಈ ಜೋಡಿ ಸ್ಪೀಕರ್ ನಮ್ಮ ಮಂಗಳೂರಿನ ಮನೆಗೆ ಬಂದು 12 ವರ್ಷ ಆಯ್ತು. ದಪ್ಪ ನಾದಕ್ಕೆ ಆರೂವರೆ ಇಂಚಿನ ಪೇಪರ್ ಕೋನ್ ವೂಫರ್, ಚೂಪು ನಾದಕ್ಕೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್. ಮೃದಂಗದ ತೊಪ್ಪಿಯ, ಅಂದರೆ ದಪ್ಪ ನಾದದ ಬದಿಯ, ಗುಮುಕಿ ಇದರಲ್ಲಿ ಕೇಳುವುದೇ ಒಂದು ಸುಖ.

ಮೂರನೇ ವರ್ಷ, ಅಂಬೆಗಾಲಿಡುತ್ತಿದ್ದ ಮಗಳು ಬಲಗಡೆ ವೂಫರಿನ ನಡುವಿನ ಗುಮ್ಮಟವನ್ನು ಬೆರಳಿನಿಂದ ಒತ್ತಿಬಿಟ್ಟಳು. ಎಡಗಡೆ ಟ್ವೀಟರನ್ನೂ ಬಿಡಲಿಲ್ಲ. ವೂಫರಿನ ದೊಡ್ಡ ತಗ್ಗು ನೋಡಿ ಎದೆ ಧಸಕ್ ಅಂದಿತು. ಆದರೆ ಹಾಡು ಹಾಕಿದರೆ ಏನೂ ವ್ಯತ್ಯಾಸ ಇಲ್ಲ! ಆ ಗುಮ್ಮಟದ ಮುಖ್ಯ ಕೆಲಸ ಒಳಗಿನ ವಾಯ್ಸ್ ಕಾಯಿಲ್‌ಗೆ (ಕೋನನ್ನು ಅಲುಗಿಸುವ ತಂತಿಸುರುಳಿಗೆ) ಧೂಳು ಹೋಗದಂತೆ ತಡೆಯುವುದು. ಸದ್ದು ಬಹುಪಾಲು ಸುತ್ತಲಿನ ಕೋನ್‌ನಿಂದ ಬರುತ್ತದೆ.

ಟ್ವೀಟರ್ ಹಾಗಲ್ಲ. ಅಲ್ಲಿ ಸದ್ದು ಮಾಡುವುದೇ ಗುಮ್ಮಟ. ಕಡಲೆಕಾಳಿನಷ್ಟು ತಗ್ಗಿಗೇ ತಾಳದ ಝಣತ್ಕಾರ ಎಡಗಡೆ ಮಂಕಾಯಿತು. ನಡುವೆ ಕೇಳಬೇಕಾದ ಗಾಯಕಿಯ ದನಿ ಬಲಕ್ಕೆ ವಾಲಿತು. ಅಂಟುಟೇಪನ್ನು ಮೆಲ್ಲಗೆ ತಾಗಿಸಿ ಎಳೆದಾಗ ತಗ್ಗು ಮೇಲೆದ್ದಿತು. ರೇಷ್ಮೆ ಆದ್ದರಿಂದ ಬಚಾವ್. ಲೋಹದ್ದಾಗಿದ್ದರೆ ಮಡಿಕೆಯ ಗೆರೆ ಉಳಿದುಬಿಡುತ್ತಿತ್ತು.

ನಿಜವಾದ ಏಟು ಬಿದ್ದದ್ದು ಹತ್ತನೇ ವರ್ಷ, ಅದೂ ಯಾರೂ ಮುಟ್ಟದೆ. ಕೋನ್ ಅಂಚಿನ ಫೋಮ್ ಉಂಗುರ ನಮ್ಮೂರಿನ ತೇವಕ್ಕೆ ಪುಡಿಪುಡಿಯಾಗಿತ್ತು. ಮೊದಲು ತೊಪ್ಪಿಯ ನಾದ ತೆಳುವಾಯಿತು. ಆಮೇಲೆ ಕರಕರ ಸದ್ದು ಶುರುವಾಯಿತು. ಅಂಚಿನ ಹಿಡಿತ ತಪ್ಪಿದರೆ ಕೋನ್ ನೇರ ಓಡಾಡುವುದಿಲ್ಲ, ಕಾಯಿಲ್ ಅಯಸ್ಕಾಂತದ ಗೋಡೆಗೆ ಉಜ್ಜುತ್ತದೆ. ಅಲ್ಲಿರುವ ಸಂದಿ ಕೂದಲೆಳೆಯಷ್ಟೇ ಅಲ್ವಾ? ನಿಮ್ಮ ಸ್ಪೀಕರಲ್ಲಿ ಅನುಮಾನ ಇದ್ದರೆ ಆಫ್ ಮಾಡಿ, ಎರಡೂ ಹೆಬ್ಬೆರಳಿನಿಂದ ಕೋನನ್ನು ಸಮವಾಗಿ, ಹಗುರಾಗಿ ಒತ್ತಿ ನೋಡಿ. ಗೀರಿದ ಸದ್ದು ಬಂದರೆ ಉಜ್ಜುತ್ತಿದೆ ಅಂತಲೇ ಅರ್ಥ.

ಒಂದು ಅಂಗಡಿಯಲ್ಲಿ ವೂಫರ್ ಸತ್ತಿದೆ, ಹೊಸದೇ ಹಾಕಬೇಕು ಅಂದರು. ಮನೆಗೆ ತಂದು ಮಲ್ಟಿಮೀಟರ್ ಇಟ್ಟು ಕಾಯಿಲ್‌ನ ವಿದ್ಯುತ್ ರೋಧ ಅಳೆದೆ. 8 ಓಮ್‌ನ ಸ್ಪೀಕರ್ ಮೀಟರಿನಲ್ಲಿ ಸುಮಾರು 6 ಓಮ್ ತೋರಿಸಬೇಕು, ಅಷ್ಟೇ ತೋರಿಸಿತು. ಕಾಯಿಲ್ ಬದುಕಿತ್ತು! ಇನ್ನೊಬ್ಬ ರಿಪೇರಿಯವರು ಎರಡೂ ಕಡೆ ಹೊಸ ಉಂಗುರ ಅಂಟಿಸಿದರು. ಅಂಟು ಒಣಗುವ ಮುಂಚೆ 30 ಹರ್ಟ್ಸ್‌ನ ತೀರಾ ದಪ್ಪ ಸದ್ದು ಬಿಟ್ಟು, ಉಜ್ಜದ ಜಾಗಕ್ಕೆ ಕೋನನ್ನು ತಂದು ಕೂರಿಸಿದರು. ಎಷ್ಟು ತಾಳ್ಮೆಯ ಕೆಲಸ!

ಅದಾಗಿ ಎರಡು ಮಳೆಗಾಲ ಕಳೆದಿವೆ. ಗುಮುಕಿ ಮೊದಲಿನ ಹಾಗೇ ಇದೆ. ಈ ಮಾಡೆಲ್‌ನ ಸದ್ದಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅಂಚಿನ ಫೋಮ್‌ಗೆ ಎರಡೇ. ಕರಾವಳಿಯವರು ರಬ್ಬರ್ ಅಂಚಿನದ್ದನ್ನೇ ಕೇಳಿ ತೆಗೆದುಕೊಳ್ಳಿ.